ಹದ್ದಿಗೆ ಯಾರದ್ದೋ ದನಿ

ಮಾನ್ಯ ಸಂಪಾದಕರೇ,

ಸಿನಿಮಾ ನೋಡುತ್ತಿದ್ದ ಮಗಳು ಕೇಳಿದಳು: ‘ಹದ್ದು ನಿಜವಾಗಿಯೂ ಹೀಗೆ ಕಿರುಚುತ್ತದೆಯೇ?’ ಪರದೆಯ ಮೇಲಿದ್ದದ್ದು ಅಮೆರಿಕದ ಬಿಳಿತಲೆಯ ಹದ್ದು. ಕೇಳಿಸಿದ್ದು ಕೆಂಪು ಬಾಲದ ಡೇಗೆಯ ಕೂಗು. ಈ ಹದ್ದಿನ ಸ್ವಂತ ದನಿ ತೆಳುವಾದ, ತುಂಡು ತುಂಡಾದ ಚಿಲಿಪಿಲಿ. ಗಾಂಭೀರ್ಯ ಸಾಲದೆಂದು ಚಿತ್ರಗಳಲ್ಲಿ ಎಷ್ಟೋ ಬಾರಿ ದನಿ ಬದಲಿಸುತ್ತಾರೆ. ಉಷ್ಟ್ರಪಕ್ಷಿ ಮರಳಿನಲ್ಲಿ ತಲೆ ಹೂಳುತ್ತದೆ ಎಂಬುದೂ ಕಟ್ಟುಕಥೆಯೇ. ನೆಲದ ಗುಳಿಯಲ್ಲಿಟ್ಟ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಲು ಅದು ಬಾಗುತ್ತದೆ, ಅಷ್ಟೇ.

ಇವುಗಳಿಂದ ಯಾರಿಗೂ ಕೇಡಿಲ್ಲ. ಆದರೆ ‘ಮನುಷ್ಯ ಮುಟ್ಟಿದ ಮರಿಯನ್ನು ತಾಯಿಹಕ್ಕಿ ಸೇರಿಸುವುದಿಲ್ಲ’ ಎಂಬ ನಂಬಿಕೆಯಿಂದ ಕೇಡಿದೆ. ಈಚೆಗೆ ಗೋಡೆಯ ಬುಡದಲ್ಲಿ ಪುಕ್ಕ ಮೂಡದ ಮರಿಯೊಂದು ಬಿದ್ದಿತ್ತು. ತೆಳು ಚರ್ಮದಡಿ ಎದೆ ಬಡಿದುಕೊಳ್ಳುವುದು ಕಣ್ಣಿಗೆ ಕಾಣುತ್ತಿತ್ತು. ಗೂಡು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಸುತ್ತ ನಿಂತವರೆಲ್ಲ ‘ಮುಟ್ಟಬೇಡಿ’ ಎಂದರು. ನಾನೂ ಸುಮ್ಮನಾದೆ. ಸಂಜೆಗೆ ಮರಿ ಸತ್ತಿತ್ತು. ಮನುಷ್ಯರ ವಾಸನೆಗೆ ಹೆದರಿ ಹಕ್ಕಿಗಳು ಮರಿಯನ್ನು ತೊರೆಯುವುದಿಲ್ಲ ಎಂದು ಆಮೇಲೆ ಓದಿ ತಿಳಿದೆ. ಅಂಥ ಮರಿಯನ್ನು ಮೆಲ್ಲಗೆ ಎತ್ತಿ ಗೂಡಿಗೆ ಸೇರಿಸಬೇಕು. ಪುಕ್ಕ ಬಂದು ನೆಲದಲ್ಲಿ ಕುಪ್ಪಳಿಸುತ್ತಿರುವ ಮರಿಯಾದರೆ ಅಪಾಯವಿಲ್ಲದಿದ್ದಲ್ಲಿ ಹಾಗೆಯೇ ಬಿಡಬೇಕು. ಅದು ಹಾರಲು ಕಲಿಯುತ್ತಿರುತ್ತದೆ, ತಂದೆ ತಾಯಿ ಅಲ್ಲೇ ಹತ್ತಿರದಲ್ಲಿರುತ್ತವೆ.

ಹಕ್ಕಿಗಳ ಬಗ್ಗೆ ಮಕ್ಕಳು ಕೇಳುವ ಇಂಥ ಪ್ರಶ್ನೆಗಳಿಗೆ ಪಕ್ಷಿತಜ್ಞರಿಂದ ಉತ್ತರ ಕೊಡಿಸುವ ಪುಟ್ಟ ಅಂಕಣವೊಂದನ್ನು ವಾರಕ್ಕೊಮ್ಮೆಯಾದರೂ ದಯವಿಟ್ಟು ಪ್ರಕಟಿಸಿ. ಮೊದಲ ಪ್ರಶ್ನೆ ನನ್ನ ಮಗಳದೇ: ಗೂಬೆ ಅಷ್ಟೊಂದು ಕತ್ತು ತಿರುಗಿಸಿದರೂ ಅದರ ರಕ್ತನಾಳಗಳಿಗೆ ಏಕೆ ಪೆಟ್ಟಾಗುವುದಿಲ್ಲ?

– ಓದುಗ