ಅಪ್ಪಯ್ಯನ ಸ್ನಾನದ ವಿಚಾರ

ಡಂಡೀ, ಸ್ಕಾಟ್ಲೆಂಡ್
16 ನವೆಂಬರ್ 2025

ಪ್ರೀತಿಯ ಅಕ್ಕನಿಗೆ,

ನಾನಿಲ್ಲಿ ಕ್ಷೇಮ. ಚಳಿ ಶುರುವಾಗಿದೆ, ಸಂಜೆ ನಾಲ್ಕಕ್ಕೆಲ್ಲ ಕತ್ತಲು. ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ಲಕ್ವ ಹೊಡೆದು ಬಲಗಡೆ ಸ್ವಾಧೀನ ಇಲ್ಲದ ಅಪ್ಪಯ್ಯ, ನೀನು ಸ್ನಾನ ಮಾಡಿಸುವಾಗ ಕಣ್ಣು ಮುಚ್ಚಿಕೊಂಡು ಕೂರುತ್ತಾರೆ, ತುಟಿ ಬಿಚ್ಚುವುದಿಲ್ಲ ಅಂದೆ. ನಿನ್ನ ಸೊಂಟ ನೋವು ಬೇರೆ ಜಾಸ್ತಿಯಾಗಿದೆ. ಆದರೂ ಹೋಮ್ ನರ್ಸ್ ಅಂದರೆ ಹಿಂಜರಿಯುತ್ತೀಯ. ಮಗಳು ಇದ್ದೂ ಅಪ್ಪನನ್ನು ಸಂಬಳದವರ ಕೈಗೆ ಕೊಟ್ಟಳು ಅಂತ ಊರವರು ಆಡಿಕೊಳ್ಳುತ್ತಾರೆ ಅನ್ನುವುದು ನಿನ್ನ ಚಿಂತೆ. ಅಪ್ಪಯ್ಯ ಪಕ್ಕದಲ್ಲೇ ಇದ್ದರು, ಬಿಡಿಸಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಕಾಗದ.

ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಒಂದು ಹೊತ್ತಿಗೆ ಒಬ್ಬ ಗಂಡಸನ್ನು ಗೊತ್ತು ಮಾಡು. ಸ್ನಾನ, ಕಕ್ಕಸು, ಬಟ್ಟೆ ಇಷ್ಟು ಅವನು ನೋಡಿಕೊಳ್ಳಲಿ. ಅಪ್ಪಯ್ಯ ಕಣ್ಣು ಮುಚ್ಚಿಕೊಳ್ಳುವುದು ನಿನ್ನ ಮೇಲಿನ ಸಿಟ್ಟಿಗಲ್ಲ. ಹೆತ್ತ ಮಗಳ ಮುಂದೆ ಮೈ ಬಿಟ್ಟು ಕೂರುವುದು ಅವರಿಗೆ ಸಂಕಟ. ಜೀವಮಾನವಿಡೀ ತೋಟಕ್ಕೆ ಹೋಗುವಾಗಲೂ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೇ ಹೊರಟ ಮನುಷ್ಯ ಅಲ್ವಾ ಅವರು. ಇಲ್ಲಿ ಮನೆಗೆ ಸಹಾಯ ಗೊತ್ತು ಮಾಡುವಾಗ, ಹೆಂಗಸು ಬರಬೇಕಾ ಗಂಡಸು ಬರಬೇಕಾ ಅಂತ ಮೊದಲೇ ಕೇಳುತ್ತಾರೆ. ಅಪ್ಪಯ್ಯನನ್ನೂ ಒಂದು ಮಾತು ಕೇಳು.

ನನ್ನ ಕೆಲಸ ಏನು ಅಂತ ನಿನಗೆ ನಾನು ಸರಿಯಾಗಿ ಹೇಳಿಯೇ ಇಲ್ಲ, ಸುಮ್ನೆ 'ಕೇರರ್' ಅಂದುಬಿಡುತ್ತೇನೆ. ಬೆಳಿಗ್ಗೆ ಏಳಕ್ಕೆ ಶುರು. ಒಬ್ಬೊಬ್ಬರ ಮನೆಗೂ ಹೋಗಬೇಕು. ಬಾಗಿಲ ಹತ್ತಿರ ಗೋಡೆಗೆ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ, ನಂಬರ್ ಒತ್ತಿದರೆ ಒಳಗೆ ಕೀಲಿಕೈ. ಎಬ್ಬಿಸುವುದು, ಮೈ ತೊಳೆಸುವುದು, ಬಟ್ಟೆ ಹಾಕಿಸುವುದು, ತಿಂಡಿ, ಮಾತ್ರೆ. ಹೊರಡುವ ಮೊದಲು ಏನೇನು ಮಾಡಿದೆ, ಎಷ್ಟು ತಿಂದರು, ಮೈ ಮೇಲೆ ಏನಾದರೂ ಕಂಡಿತಾ, ಎಲ್ಲ ಬರೆದಿಡಬೇಕು. ಮುಂದಿನ ಹೊತ್ತಿಗೆ ಬರುವವರು ಅದನ್ನು ಓದಿಯೇ ಕೆಲಸ ಶುರು ಮಾಡುತ್ತಾರೆ.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಹೆಸರು ಬರೆಯುವಂತಿಲ್ಲ, ಅದು ಇಲ್ಲಿನ ನಿಯಮ. ಹುಡುಗಿಯಾಗಿದ್ದಾಗ ಈ ಊರಿನ ಸೆಣಬಿನ ಮಿಲ್ಲಿನಲ್ಲಿ ದುಡಿದವರು. ಡಂಡೀ ಒಂದು ಕಾಲಕ್ಕೆ ಸೆಣಬಿಗೆ ಹೆಸರಾದ ಊರು, ಬಂಗಾಳದಿಂದ ಹಡಗಿನಲ್ಲಿ ಸೆಣಬು ಬರುತ್ತಿತ್ತು. ಮಗ್ಗದ ಸದ್ದಿಗೆ ಕಿವಿ ಮಂದವಾಗಿದೆ, ನಮ್ಮ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ. ಅಪ್ಪಯ್ಯನ ಹಾಗೇ ಇವರಿಗೂ ಲಕ್ವ ಹೊಡೆದು ಒಂದು ಕಡೆ ಸ್ವಾಧೀನ ಇಲ್ಲ. ನಾನು ಎದುರಿಗೆ ಕೂತು, ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಅವರ ಒಳ್ಳೆಯ ಕೈಗೆ ಕೊಡುತ್ತೇನೆ. ಮುಖ ಅವರೇ ತೊಳೆಯುತ್ತಾರೆ. ಕಿವಿಯ ಹಿಂದೆ, ಕತ್ತು, ಎದೆ, ಆ ಸತ್ತ ಹಾಗಿರುವ ಕೈ ಕೂಡ ಅವರೇ. ನಿಧಾನ. ನಾನು ಮಾಡಿದರೆ ಎರಡು ನಿಮಿಷದ ಕೆಲಸ. ಆದರೂ ಕೈ ಕಟ್ಟಿಕೊಂಡು ಕಾಯುತ್ತೇನೆ. ಬೆನ್ನು, ಕಾಲು, ಕೈಗೆಟುಕದ ಜಾಗ ಮಾತ್ರ ನನ್ನದು. ಅಷ್ಟು ಹೊತ್ತೂ ಹೆಗಲ ಮೇಲೊಂದು, ತೊಡೆಯ ಮೇಲೊಂದು ಟವೆಲ್ ಇರುತ್ತದೆ. ತೊಳೆಯುವ ಜಾಗ ಮಾತ್ರ ತೆರೆದು, ಒರೆಸಿ, ತಕ್ಷಣ ಮುಚ್ಚುವುದು. ಆಮೇಲೆ ಎರಡು ಸ್ವೆಟರ್ ಹಿಡಿದು ಯಾವುದು ಅಂತ ಕೇಳುತ್ತೇನೆ. ಅವರು ಬೆರಳು ತೋರಿಸಿದ್ದೇ ಆ ದಿನದ ಸ್ವೆಟರ್.

ಅಪ್ಪಯ್ಯನಿಗೂ ಹೀಗೇ ಆಗಲಿ, ಅಕ್ಕ. ಬರುವವನಿಗೆ ಮೊದಲ ದಿನವೇ ಹೇಳು, ಅವರ ಎಡಗೈ ಮಾಡಬಲ್ಲ ಕೆಲಸವನ್ನು ಕಸಿದುಕೊಳ್ಳಬೇಡ ಅಂತ. ನೀನು ಪ್ರೀತಿಯಿಂದಲೇ ತುತ್ತು ಮಾಡಿ ತಿನ್ನಿಸುತ್ತೀಯ, ನನಗೆ ಗೊತ್ತು. ಆದರೆ ಆ ಕೈಗೆ ಕೆಲಸ ತಪ್ಪಿದರೆ ಅದೂ ಸೋಮಾರಿಯಾಗುತ್ತದೆ. ಅಂಚು ಎತ್ತರ ಇರುವ ತಟ್ಟೆ ಕೊಡು, ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸು, ಜಾರುವುದಿಲ್ಲ. ಚೆಲ್ಲಿದರೆ ಚೆಲ್ಲಲಿ.

ಊಟಕ್ಕೆ ನೆಟ್ಟಗೆ ಕೂರಿಸು, ಆದ ಮೇಲೂ ಅರ್ಧ ಗಂಟೆ ಹಾಗೇ ಕೂತಿರಲಿ. ಬಲಗಡೆ ದವಡೆಯಲ್ಲಿ ಅನ್ನ ಉಳಿದುಕೊಳ್ಳುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ, ಬಾಯಿ ಮುಕ್ಕಳಿಸುವ ಮೊದಲು ನೋಡು. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಸಣ್ಣ ವಿಷಯ ಅಂತ ಬಿಡಬೇಡ.

ನನಗೆ ನಿಜವಾಗಿ ಭಯ ಇರುವುದು ನಮ್ಮ ಬಚ್ಚಲಿನದು. ಹಂಡೆಯ ನೀರು ಕುದಿಯುತ್ತಿರುತ್ತದೆ. ಲಕ್ವ ಹೊಡೆದ ಕಡೆ ಬಿಸಿ ಗೊತ್ತಾಗದೆ ಇರಬಹುದು, ಸುಟ್ಟರೂ ಅಪ್ಪಯ್ಯ ಹೇಳಲಾರರು. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನಿನ್ನ ಮೊಣಕೈ ಅದ್ದಿ ನೋಡಿಯೇ ಅವರ ಮೈಗೆ ಹಾಕು. ನೆಲದ ಪಾಚಿ ಉಜ್ಜಿಸು, ರಬ್ಬರ್ ಮ್ಯಾಟ್ ಹಾಕು. ಕೂರಲು ಕೈ ಇರುವ ಗಟ್ಟಿ ಕುರ್ಚಿ ಬೇಕು, ಹಳೇ ಸ್ಟೂಲ್ ಬೇಡ. ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಹಾಕಿಸಲು ಭಾವನಿಗೆ ಹೇಳು, ಎಡಗೈಗೆ ಸಿಗುವ ಕಡೆ.

ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಬಲಗೈ ಹಿಡಿದು ಎಳೆಯಲೇಬೇಡಿ. ಆ ಕಡೆ ಭುಜ ಸಡಿಲವಾಗಿರುತ್ತದೆ, ಕೀಲು ಜಾರಿದರೆ ಇನ್ನೊಂದು ನೋವು. ಅಂಗಿ ಹಾಕುವಾಗ ಮೊದಲು ಬಲಗೈ, ತೆಗೆಯುವಾಗ ಬಲಗೈ ಕೊನೆಗೆ. ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ಕೆಳಗೆ ದಿನಾ ನೋಡು. ಕೆಂಪಾಗಿದ್ದರೆ ಬೆರಳಿಂದ ಒತ್ತು. ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗುತ್ತಿದೆ ಅಂತ ಲೆಕ್ಕ, ಡಾಕ್ಟರಿಗೆ ತೋರಿಸು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡ. ಮಲಗಿದ್ದಾಗ ಒಂದೇ ಮಗ್ಗುಲಲ್ಲಿ ಬಿಡದೆ ಆಗಾಗ ಹೊರಳಿಸಿ.

ಇಲ್ಲಿಯವರು ಅಪ್ಪ ಅಮ್ಮನನ್ನು ಸರ್ಕಾರದ ಕೈಗೆ ಬಿಡುತ್ತಾರೆ ಅಂತ ನಮ್ಮ ಕಡೆ ಮಾತಿದೆ. ನಾನು ಹೋಗುವ ಎಷ್ಟೋ ಮನೆಗಳಲ್ಲಿ ಗಂಡನೋ ಹೆಂಡತಿಯೋ ಮಗಳೋ ಜೊತೆಗೇ ಇರುತ್ತಾರೆ. ಮಗಳು ಮಗಳಾಗಿ ಪಕ್ಕದಲ್ಲಿ ಕೂತು ಮಾತಾಡುತ್ತಾಳೆ, ಮೈ ತೊಳೆಸಲು ನಾನು ಹೋಗುತ್ತೇನೆ. ಸ್ಕಾಟ್ಲೆಂಡಿನಲ್ಲಿ 65 ದಾಟಿದವರಿಗೆ ಈ ಸೇವೆ 2002ರಿಂದ ಉಚಿತ, 2019ರಿಂದ ಅದಕ್ಕಿಂತ ಕಡಿಮೆ ವಯಸ್ಸಿನ ವಯಸ್ಕರಿಗೂ ಕೊಡುತ್ತಾರೆ. ಕೌನ್ಸಿಲ್ಲಿನವರು, ಅಂದರೆ ಇಲ್ಲಿನ ಸ್ಥಳೀಯ ಆಡಳಿತದವರು, ಮನೆಗೆ ಬಂದು ನೋಡಿ, ಸಹಾಯ ಬೇಕೇಬೇಕು ಅಂತ ತೀರ್ಮಾನಿಸಿದರೆ ಸ್ನಾನ, ಬಟ್ಟೆ, ಊಟ ಮಾಡಿಸುವುದು, ಮಾತ್ರೆ ಇವಕ್ಕೆ ದುಡ್ಡಿಲ್ಲ. ಮನೆ ಗುಡಿಸುವುದು, ಸಾಮಾನು ತರುವುದು ಇದರಲ್ಲಿ ಬರುವುದಿಲ್ಲ. ಪಕ್ಕದ ಇಂಗ್ಲೆಂಡಿನಲ್ಲಿ ಹೀಗಿಲ್ಲ, ಅಲ್ಲಿ 23,250 ಪೌಂಡಿಗಿಂತ ಜಾಸ್ತಿ ಉಳಿತಾಯ ಇದ್ದವರು ಸಾಮಾನ್ಯವಾಗಿ ತಮ್ಮ ಕೈಯಿಂದಲೇ ಕೊಡಬೇಕು. ನೋಡಿಕೊಳ್ಳುವ ಮನೆಯವರಿಗೂ ಇಲ್ಲಿ ಕಾನೂನಿದೆ, 2018ರಿಂದ ಜಾರಿಯಲ್ಲಿದೆ. ನಿನ್ನಂಥವಳು ಕೇಳಿದರೆ, ನಿನಗೇನು ಬೇಕು, ನಿನ್ನ ಆರೋಗ್ಯ ಹೇಗಿದೆ, ನಿನಗೆ ಬಿಡುವು ಎಲ್ಲಿಂದ ಸಿಗಬೇಕು ಅಂತ ಕೌನ್ಸಿಲ್ಲಿನವರು ವಿಚಾರಿಸಿ ಬರೆದುಕೊಳ್ಳಬೇಕು. ನಿನ್ನನ್ನು ಯಾರಾದರೂ ಹಾಗೆ ಕೇಳಿದ್ದಾರಾ?

ಎಲ್ಲವೂ ಸರಿಯಿದೆ ಅಂತಲ್ಲ. ಜನ ಸಾಲದು. ಕೆಲವು ಮನೆಗೆ ಹದಿನೈದೇ ನಿಮಿಷ ಕೊಟ್ಟಿರುತ್ತಾರೆ. ಆ ಹದಿನೈದು ನಿಮಿಷದಲ್ಲಿ ಒಬ್ಬ ಮುದುಕರನ್ನು ಅವಸರಪಡಿಸುವುದು ನನಗೆ ತುಂಬ ಬೇಜಾರಿನ ಕೆಲಸ.

ಪಕ್ಕದ ಮನೆ ಹುಡುಗಿ ಇಲ್ಲಿಗೆ ಕೇರರ್ ಆಗಿ ಬರಬೇಕು ಅಂತಿದ್ದಾಳೆ ಅಂದೆಯಲ್ಲ, ಅವಳಿಗೆ ದಯವಿಟ್ಟು ಹೇಳು. ಹೊರದೇಶದಿಂದ ಹೊಸದಾಗಿ ಕೇರರ್‌ಗಳನ್ನು ಕರೆಸಿಕೊಳ್ಳುವ ವೀಸಾ ದಾರಿ 2025ರ ಜುಲೈ 22ಕ್ಕೆ ಮುಚ್ಚಿದೆ. ಕೊಡಿಸುತ್ತೇನೆ ಅಂತ ಯಾವ ಏಜೆಂಟ್ ಬಂದರೂ ಒಂದು ರೂಪಾಯಿ ಕೊಡಬಾರದು. ಅವರಪ್ಪ ತೋಟ ಅಡ ಇಡುವ ಮೊದಲು ಈ ಮಾತು ಮುಟ್ಟಿಸು.

ನಮ್ಮಲ್ಲಿ ಇಂಥ ವ್ಯವಸ್ಥೆ ಇಲ್ಲ, ನಾವೇ ಮಾಡಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯವರು ಸಿಗುತ್ತಾರಾ ವಿಚಾರಿಸು. 14567 ಅಂತ ಹಿರಿಯರ ಸಹಾಯವಾಣಿ ಇದೆ, ಅಲ್ಲೂ ಕೇಳಿ ನೋಡು. ಹೋಮ್ ನರ್ಸ್ ಅಂತ ಬರುವವರೆಲ್ಲ ನರ್ಸಿಂಗ್ ಓದಿದವರಲ್ಲ. ಇಲ್ಲಿ ಪೊಲೀಸ್ ದಾಖಲೆ ನೋಡದೆ ಯಾರನ್ನೂ ಈ ಕೆಲಸಕ್ಕೆ ಬಿಡುವುದಿಲ್ಲ. ನೀನೂ ಆಧಾರ್ ನೋಡು, ಮೊದಲು ಕೆಲಸ ಮಾಡಿದ ಮನೆಗೆ ಫೋನ್ ಮಾಡಿ ವಿಚಾರಿಸು. ಮೊದಲ ವಾರ ಭಾವ ಜೊತೆಗಿರಲಿ. ಅಪ್ಪಯ್ಯನ ಜೊತೆ ಏಕವಚನದಲ್ಲಿ ಮಾತಾಡುವವನು ಬೇಡವೇ ಬೇಡ. ಸಂಬಳ ಜಗ್ಗಾಡಬೇಡ, ತಿಂಡಿ ಕಾಫಿ ಕೊಡು. ದುಡ್ಡು ನಾನು ಪ್ರತಿ ತಿಂಗಳು ಕಳಿಸುತ್ತೇನೆ, ಈ ತಿಂಗಳದ್ದು ಭಾವನ ಖಾತೆಗೆ ಹಾಕಿದ್ದೇನೆ.

ಊರವರ ಮಾತಿಗೆ ನೀನು ಉತ್ತರ ಕೊಡಬೇಕಾಗಿಲ್ಲ. ಸ್ನಾನ ಮುಗಿದ ಮೇಲೆ ಅಪ್ಪಯ್ಯನ ಪಕ್ಕ ಕೂತು ಪೇಪರ್ ಓದಿ ಹೇಳಲು ನಿನಗೆ ಹೊತ್ತು ಸಿಗುತ್ತದೆ. ಆ ಕೆಲಸಕ್ಕೆ ಸಂಬಳದವರು ಆಗುವುದಿಲ್ಲ, ಅಲ್ವಾ?

ನಿನ್ನ ಸೊಂಟವನ್ನೂ ಡಾಕ್ಟರಿಗೆ ತೋರಿಸು. ಭಾನುವಾರ ನಿಮ್ಮ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ಯಾರಾದರೂ ಸಿಕ್ಕಿದರಾ ಹೇಳು. ಮಕ್ಕಳಿಗೆ ಮುತ್ತು. ಅಪ್ಪಯ್ಯನಿಗೆ ನನ್ನ ನಮಸ್ಕಾರ.

ಇತಿ,
ನಿನ್ನ ತಂಗಿ