‘ಸ್ಥಳೀಯರು ನಿಲ್ಲುವುದಿಲ್ಲ’ ಎನ್ನುವ ಮುನ್ನ ಅವರ ಮಾತಿಗೆ ಉತ್ತರ ಕೊಡಿ

ಮಾನ್ಯ ಸಂಪಾದಕರೇ,

ಗಿಣಿಗೇರಿಯಿಂದ ತೋರಣಗಲ್ಲಿನವರೆಗೆ ಹೆದ್ದಾರಿಯ ಆಸುಪಾಸಿನಲ್ಲಿ ಬೆಳೆದಿರುವ ಕಾರ್ಖಾನೆಗಳಲ್ಲಿ ಕೆಲಸಗಾರರ ಕೊರತೆಯ ಮಾತು ಬಂದಾಗಲೆಲ್ಲ, ‘ಸ್ಥಳೀಯ ಹುಡುಗರು ನಿಲ್ಲುವುದಿಲ್ಲ’ ಎಂಬ ದೂರು ತಪ್ಪದೆ ಕೇಳಿಬರುತ್ತದೆ. ತರಬೇತಿ ಕೊಟ್ಟು, ಕೆಲಸ ಕೈಗೆ ಹತ್ತುವ ಹೊತ್ತಿಗೆ ಹೇಳದೆ ಕೇಳದೆ ಬಿಟ್ಟು ಹೋಗುತ್ತಾರೆ ಎಂಬುದು ಅಧಿಕಾರಿಗಳ ಅಳಲು. ಕೊಪ್ಪಳ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ 26 ವರ್ಷ ದುಡಿದು, ಅದರಲ್ಲಿ ಕೊನೆಯ 11 ವರ್ಷ ಪಾಳಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದ ನಾನು ಈ ದೂರನ್ನು ಸುಳ್ಳೆನ್ನುವುದಿಲ್ಲ. ಹುಡುಗರು ಬಿಟ್ಟು ಹೋಗುವುದು ನಿಜ. ಆದರೆ ಅದಕ್ಕೆ ಪಗಾರ, ದೂಳು, ಬಿಸಿಲು ಇಷ್ಟನ್ನೇ ಕಾರಣವೆಂದು ಹೇಳಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ತಾನು ಆಡಿದ ಮಾತಿಗೆ ಹೌದೆಂದಾಗಲಿ ಇಲ್ಲವೆಂದಾಗಲಿ ಉತ್ತರವೇ ಬಾರದ ಕಡೆ ಯಾರಿಗೂ ಬಹಳ ದಿನ ಮನಸ್ಸು ನಿಲ್ಲುವುದಿಲ್ಲ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ನಾನೂ ಪಾಲುದಾರನಾಗಿದ್ದ ಒಂದು ತಪ್ಪನ್ನೇ ಮೊದಲು ಹೇಳುತ್ತೇನೆ. ಒಂದು ಶುಕ್ರವಾರ ಸಂಜೆ, ಜನರಲ್ ಪಾಳಿ ಸೋಮವಾರದಿಂದ 9 ಗಂಟೆಯ ಬದಲು 8 ಗಂಟೆಗೆ ಆರಂಭವಾಗುತ್ತದೆ ಎಂಬ ಸುತ್ತೋಲೆ ಇಂಗ್ಲಿಷಿನಲ್ಲಿ ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಮೂಲಕ ಬಂತು. ಅವರಿಂದ ಮೇಲ್ವಿಚಾರಕರ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಅಲ್ಲಿಗೇ ನಿಂತಿತು. ಗುತ್ತಿಗೆ ಕಾರ್ಮಿಕರು ಆ ಗುಂಪಿನಲ್ಲಿ ಇರಲಿಲ್ಲ. ಗುತ್ತಿಗೆಯವರನ್ನು ಕರೆತಂದು ಕೆಲಸ ಮಾಡಿಸುವ ಮುಕಾದಮ ಹೇಳಿರುತ್ತಾನೆಂದು ನಾನು ತಿಳಿದೆ, ಮೇಲ್ವಿಚಾರಕರು ಹೇಳಿರುತ್ತಾರೆಂದು ಮುಕಾದಮ ತಿಳಿದ. ಸೋಮವಾರ ಸುತ್ತಲಿನ ಹಳ್ಳಿಗಳಿಂದ ಎಂದಿನ ಬಸ್ಸಿಗೆ ಬಂದ ನಲವತ್ತಕ್ಕೂ ಹೆಚ್ಚು ಮಂದಿಯನ್ನು ಗೇಟಿನಲ್ಲಿ ತಡೆದು ನಿಲ್ಲಿಸಿ, ಅರ್ಧ ದಿನದ ಹಾಜರಿ ಕಡಿತಗೊಳಿಸಲಾಯಿತು. ಮರುದಿನ ಕೆಲವರು ಬಂದು ಕೇಳಿದಾಗ ‘ಮೇಲಿನವರಿಗೆ ಹೇಳುತ್ತೇನೆ’ ಎಂದೆ, ಹೇಳಿಯೂ ಹೇಳಿದೆ. ಆದರೆ ಮೇಲೆ ಏನು ತೀರ್ಮಾನವಾಯಿತೆಂದು ನನಗೆ ಯಾರೂ ತಿಳಿಸಲಿಲ್ಲ, ಪಟ್ಟು ಹಿಡಿದು ಕೇಳುವ ಕೆಲಸವನ್ನು ನಾನೂ ಮಾಡಲಿಲ್ಲ. ಮುಂದಿನ ತಿಂಗಳು ಅವರಲ್ಲಿ ನಾಲ್ವರು ಕೆಲಸ ಬಿಟ್ಟರು. ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದಿದ್ದ ಹುಡುಗನೊಬ್ಬ, ‘ಅರ್ಧ ದಿನದ ಪಗಾರ ಹೋದ್ರ ಹೋಗ್ಲಿ ಸರ, ಆದ್ರ ಯಾರೂ ಒಂದ್ ಮಾತು ಹೇಳಲಿಲ್ಲಲ್ಲ’ ಎಂದು ನನ್ನನ್ನು ಕೇಳಿದ್ದಕ್ಕೆ ನನ್ನ ಬಳಿ ಅಂದು ಉತ್ತರವಿರಲಿಲ್ಲ.

ಕಾಯಂ ನೌಕರರಿಗೆ ಹೋಲಿಸಿದರೆ ಗುತ್ತಿಗೆಯವರಿಗೆ ಸುದ್ದಿ ತಲುಪುವ ದಾರಿ ಎಷ್ಟು ಕಿರಿದು ಎಂಬುದು ಈ ಪ್ರಸಂಗದಿಂದ ತಿಳಿಯುತ್ತದೆ. ಅದಕ್ಕೆ ಭಾಷೆಯ ತೊಡಕೂ ಸೇರಿಕೊಂಡಿದೆ. ಬಳ್ಳಾರಿಯ ಕಡೆ ಕನ್ನಡದ ಜೊತೆ ತೆಲುಗು, ರಾಯಚೂರಿನಲ್ಲಿ ತೆಲುಗು ಮತ್ತು ಉರ್ದು, ಬಿಹಾರ, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರಿಂದಾಗಿ ಹಿಂದಿ, ಹೀಗೆ ನಾಲ್ಕು ಭಾಷೆ ಒಂದೇ ಪಾಳಿಯಲ್ಲಿ ಇರುತ್ತವೆ. ಗೋಡೆಯ ಮೇಲಿನ ಸುರಕ್ಷತಾ ಘೋಷಣೆಗಳೇನೋ ಕನ್ನಡದಲ್ಲಿರುತ್ತವೆ. ಆದರೆ ರಜೆಯ ನಿಯಮ, ಭವಿಷ್ಯ ನಿಧಿಯ ಕಡಿತ, ಪಾಳಿ ಬದಲಾವಣೆ ಮುಂತಾಗಿ ಕಾರ್ಮಿಕನ ದಿನನಿತ್ಯದ ಬದುಕಿಗೆ ಬೇಕಾದ ಸಂಗತಿಗಳು ಇಂಗ್ಲಿಷಿನಲ್ಲಿ ಉಳಿದುಬಿಡುತ್ತವೆ. ಕಾಯ್ದೆಯನ್ವಯ ಹಾಕಬೇಕಾದ ಸೂಚನೆಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು, ಕಾರ್ಖಾನೆಯ ಮುಖ್ಯ ದ್ವಾರದ ಬಳಿ ಕಣ್ಣಿಗೆ ಬೀಳುವಂತೆ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಕ್ಷರ ಬಾರದವರೂ ನಮ್ಮ ನಡುವೆ ಇರುವುದರಿಂದ, ಬರೆದು ಅಂಟಿಸಿದ ಮೇಲೆ ಪಾಳಿ ಆರಂಭದಲ್ಲಿ ಅದನ್ನು ಓದಿ ಹೇಳುವುದೂ, ಕನ್ನಡದಲ್ಲಿ ಒಂದು ನಿಮಿಷದ ಧ್ವನಿ ಸಂದೇಶವನ್ನು ಎಲ್ಲರ ಮೊಬೈಲಿಗೆ ಕಳಿಸುವುದೂ ಖರ್ಚಿಲ್ಲದ ಕೆಲಸ.

ಮೇಲಿನಿಂದ ಕೆಳಗೆ ಬರುವ ಮಾತಿನ ಸ್ಥಿತಿ ಹೀಗಿದ್ದರೆ, ಕೆಳಗಿನಿಂದ ಮೇಲೆ ಹೋಗಬೇಕಾದ ಮಾತಿನ ಸ್ಥಿತಿ ಇನ್ನೂ ಕೆಟ್ಟದಾಗಿದೆ. ನಮ್ಮಲ್ಲಿ ಕ್ಯಾಂಟೀನಿನ ಬಾಗಿಲ ಬಳಿ ಒಂದು ಸಲಹಾ ಪೆಟ್ಟಿಗೆ ಇತ್ತು. ಅದರ ಬೀಗದ ಕೈ ವರ್ಗವಾಗಿ ಹೋದ ಅಧಿಕಾರಿಯೊಬ್ಬರ ಬಳಿಯೇ ಉಳಿದಿತ್ತು. ಒಮ್ಮೆ ಲೆಕ್ಕ ಪರಿಶೋಧನೆಯ ಸಿದ್ಧತೆಗಾಗಿ ಅದನ್ನು ಒಡೆದು ತೆಗೆದಾಗ ನಾನು ಅಲ್ಲಿದ್ದೆ. ಕುಡಿಯುವ ನೀರು, ಬೂಟಿನ ಅಳತೆ, ರಾತ್ರಿ ಪಾಳಿಯ ಊಟ ಎಂದೆಲ್ಲ ಬರೆದ ಚೀಟಿಗಳ ನಡುವೆ, ಕನ್ವೇಯರ್ ಪಕ್ಕದ ಮೆಟ್ಟಿಲಿಗೆ ದೀಪವಿಲ್ಲ ಎಂದು ತಿಳಿಸಿದ ಚೀಟಿಯೂ ಸಿಕ್ಕಿತು. ಅಷ್ಟರಲ್ಲಾಗಲೇ ಅಲ್ಲಿ ದೀಪ ಬಂದಿತ್ತು, ಏಕೆಂದರೆ ಅದೇ ಮೆಟ್ಟಿಲಲ್ಲಿ ನಮ್ಮ ಸಹಾಯಕನೊಬ್ಬ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಚೀಟಿಯ ಮೇಲಿದ್ದ ತಾರೀಖು ಆ ಅಪಘಾತಕ್ಕಿಂತ ಏಳು ತಿಂಗಳು ಹಿಂದಿನದು. ಜಪಾನಿನ ಟೊಯೋಟ ಕಂಪನಿ 1951ರಲ್ಲಿ ಆರಂಭಿಸಿದ ಸಲಹಾ ಪದ್ಧತಿಯನ್ನು ನಮ್ಮ ತರಬೇತಿಗಳಲ್ಲಿ ಮೇಲಿಂದ ಮೇಲೆ ಹೊಗಳುತ್ತಾರೆ. ಅದೇ ಕಂಪನಿಯ ಜೋಡಣೆ ಸಾಲಿನಲ್ಲಿ ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಎಚ್ಚರಿಸಬಹುದು, ಎಳೆದೊಡನೆ ಮುಂದಾಳು ಅವನಿದ್ದಲ್ಲಿಗೆ ಬರಲೇಬೇಕು. ಹಾಗೆ ಬರುವ ಮುಂದಾಳು ಇಲ್ಲದಿದ್ದರೆ ಹಗ್ಗ ಕಟ್ಟಿಯೂ ಪ್ರಯೋಜನವಿಲ್ಲ, ಪೆಟ್ಟಿಗೆ ಇಟ್ಟೂ ಪ್ರಯೋಜನವಿಲ್ಲ.

ಈ ವಿಷಯದಲ್ಲಿ ನಮ್ಮ ಕಾನೂನು ಹಿಂದೆ ಬಿದ್ದಿಲ್ಲ. ಆಡಳಿತದಲ್ಲಿ ಕಾರ್ಮಿಕರ ಪಾಲ್ಗೊಳ್ಳುವಿಕೆಯನ್ನು 1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನದ 43-ಎ ವಿಧಿಯಾಗಿ ಸೇರಿಸಲಾಯಿತು. 1984ರ ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ, ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಡೆ ಕಾರ್ಮಿಕರು ಅಪಾಯ ಸನ್ನಿಹಿತವಾಗಿದೆಯೆಂದು ತಿಳಿಸಿದರೆ ಮಾಲೀಕ ಒಡನೆ ಕ್ರಮ ಕೈಗೊಂಡು ಕಾರ್ಖಾನೆಗಳ ಇನ್‌ಸ್ಪೆಕ್ಟರಿಗೆ ವರದಿ ಕಳಿಸಬೇಕೆಂದೂ, ಅಪಾಯವಿದೆಯೆಂದು ಮಾಲೀಕನಿಗೆ ಅನಿಸದಿದ್ದರೂ ವಿಷಯವನ್ನು ಇನ್‌ಸ್ಪೆಕ್ಟರಿಗೆ ಒಪ್ಪಿಸಲೇಬೇಕೆಂದೂ 41-ಎಚ್ ಕಲಂ ವಿಧಿಸಿತು. ಒಪ್ಪದವನೂ ಸುಮ್ಮನಿರುವಂತಿಲ್ಲ ಎಂಬ ಈ ಮಾತನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿಯನ್ನು ಕಡ್ಡಾಯಗೊಳಿಸಿದೆ. ಮಾಲೀಕರ ಮತ್ತು ಕಾರ್ಮಿಕರ ಕಡೆಯಿಂದ ಸಮಸಂಖ್ಯೆಯ, ಒಟ್ಟು ಹತ್ತಕ್ಕೆ ಮೀರದ ಸದಸ್ಯರು ಅದರಲ್ಲಿರಬೇಕು, ಮಹಿಳೆಯರಿಗೆ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಸಿಗಬೇಕು, ಅರ್ಜಿಯ ವಿಚಾರಣೆಗೆ 30 ದಿನಗಳ ಅವಧಿಯಿದೆ. ಇಂಥ ಸಮಿತಿಗೆ ನಮ್ಮವರು ಯಾರು ಎಂದು ಕಾರ್ಖಾನೆಯ ಗೇಟಿನ ಮುಂದಿನ ಚಹಾ ಅಂಗಡಿಯಲ್ಲಿ ಕೇಳಿದರೆ ಹೆಸರು ಹೇಳಬಲ್ಲವರು ಸಿಗಬೇಕು. ಸಮಿತಿ ಬದುಕಿದೆಯೋ ಇಲ್ಲವೋ ಎಂಬುದನ್ನು ನಾನು ಹಾಗೆಯೇ ಅಳೆಯುತ್ತೇನೆ.

ಇದು ಆಗದ ಕೆಲಸವೇನಲ್ಲ ಎಂಬುದಕ್ಕೂ ನಮ್ಮಲ್ಲಿಯೇ ಸಾಕ್ಷಿ ಇದೆ. ಒಂದೂವರೆ ವರ್ಷ ನಮ್ಮ ವಿಭಾಗಕ್ಕಿದ್ದ ಎಂಜಿನಿಯರೊಬ್ಬರು ಪ್ರತಿ ಪಾಳಿಯ ಮೊದಲ ಹತ್ತು ನಿಮಿಷ ಎಲ್ಲರನ್ನೂ, ಗುತ್ತಿಗೆಯವರನ್ನೂ ಸೇರಿಸಿ, ಯಂತ್ರದ ಬಳಿಯೇ ನಿಲ್ಲಿಸಿ ಮಾತನಾಡಿಸುತ್ತಿದ್ದರು. ಟೂಲ್‌ಬಾಕ್ಸ್ ಮೀಟಿಂಗ್ ಎಂಬ ಹೆಸರಿನಲ್ಲಿ ಇದು ಎಲ್ಲ ಕಡೆಯೂ ಇರುತ್ತದೆ, ಆದರೆ ಸಾಮಾನ್ಯವಾಗಿ ಒಬ್ಬರು ಓದುತ್ತಾರೆ, ಉಳಿದವರು ಸಹಿ ಹಾಕುತ್ತಾರೆ. ಇವರು ಹಾಗೆ ಮಾಡದೆ, ಬಿಡುಗಡೆಯಾಗುವ ಪಾಳಿಯವರು ಬರುವ ಪಾಳಿಯವರಿಗೆ ಕಂಡದ್ದನ್ನು ಕಂಡಂತೆ ಹೇಳುವಂತೆ ಮಾಡಿದರು. ಪಕ್ಕದಲ್ಲಿ ಒಂದು ಕರಿಹಲಗೆ ಇಟ್ಟು, ಯಾರು ಏನು ಹೇಳಿದರು, ಯಾರ ಹೊಣೆ, ಉತ್ತರ ಯಾವ ದಿನ ಎಂದು ಸುಣ್ಣದ ಕಡ್ಡಿಯಲ್ಲಿ ಬರೆಸಿದರು. ಬಸ್ಸು ಇನ್ನೊಂದು ಹಳ್ಳಿಯ ಮೇಲೆ ಬರಲಿ ಎಂಬ ಬೇಡಿಕೆಗೆ ‘ಆಗುವುದಿಲ್ಲ’ ಎಂದೇ ಉತ್ತರ ಬಂತು. ಆದರೆ ಬಸ್ಸಿನ ಗುತ್ತಿಗೆ ಮಾರ್ಚ್‌ವರೆಗೆ ಕಿಲೋಮೀಟರ್ ಲೆಕ್ಕದಲ್ಲಿದೆ ಎಂಬ ಕಾರಣವನ್ನೂ ಅದರ ಕೆಳಗೆ ಬರೆಯಲಾಗಿತ್ತು. ಅದಕ್ಕಾಗಿ ಯಾರೂ ಮುನಿಸಿಕೊಳ್ಳಲಿಲ್ಲ. ಅದೇ ಹಲಗೆಯ ಮೇಲೆ, ಎರಡು ವಾರಗಳ ಹಿಂದಷ್ಟೇ ಸೇರಿದ್ದ ಹುಡುಗನೊಬ್ಬ ಬೇರಿಂಗಿನ ಸದ್ದು ಬದಲಾಗಿದೆ ಎಂದು ಬರೆಸಿದ್ದರಿಂದ ಯಂತ್ರ ನಿಲ್ಲುವ ಮೊದಲೇ ಅದನ್ನು ಬದಲಿಸಲು ಸಾಧ್ಯವಾಯಿತು, ಅವನ ಹೆಸರು ಒಂದು ವಾರ ಅಲ್ಲೇ ಇತ್ತು. ಆ ಒಂದೂವರೆ ವರ್ಷದಲ್ಲಿ ನಮ್ಮ ಪಾಳಿಯನ್ನು ಬಿಟ್ಟು ಹೋದವರು ಇಬ್ಬರು ಮಾತ್ರ. ಎಂಜಿನಿಯರು ವರ್ಗವಾದ ಮೇಲೆ ಹಲಗೆಯನ್ನು ಉತ್ಪಾದನೆಯ ಗುರಿ ಬರೆಯಲು ಬಳಸತೊಡಗಿದರು. ಒಳ್ಳೆಯ ಪದ್ಧತಿ ಒಬ್ಬ ಅಧಿಕಾರಿಯ ಗುಣವಾಗಿ ಉಳಿಯದೆ ಕಾರ್ಖಾನೆಯ ನಿಯಮವಾಗಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ.

ಹತ್ತು ನಿಮಿಷವೆಂದರೆ ಎಷ್ಟು ಟನ್ ಉತ್ಪಾದನೆ ಎಂದು ಲೆಕ್ಕ ಹಾಕುವವರು, ಬೇರಿಂಗ್ ಸುಟ್ಟು ಒಂದು ಪಾಳಿ ನಿಂತರೆ ಎಷ್ಟು ಟನ್ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಯುಧಪೂಜೆಯ ಊಟ, ಕ್ರಿಕೆಟ್ ಪಂದ್ಯ, ಹುಟ್ಟುಹಬ್ಬದ ಶುಭಾಶಯಗಳನ್ನು ಮಾನವ ಸಂಪನ್ಮೂಲ ವಿಭಾಗದವರು ಪ್ರೀತಿಯಿಂದಲೇ ಏರ್ಪಡಿಸುತ್ತಾರೆ, ಅವು ಬೇಕು. ಆದರೆ ಕಾರ್ಮಿಕ ಕೆಲಸವನ್ನು ತನ್ನದೆಂದು ತಿಳಿಯುವುದು ಅವುಗಳಿಂದ ಮಾತ್ರ ಆಗುವುದಿಲ್ಲ. ಮಧ್ಯದಲ್ಲಿರುವ ಮೇಲ್ವಿಚಾರಕರ ಕಷ್ಟವೂ ಇಲ್ಲಿ ದೊಡ್ಡದು. ಮೇಲಿನಿಂದ ಉತ್ತರ ಸಿಗದ ಮೇಲ್ವಿಚಾರಕ ಕೆಳಗಿನವರ ಮುಖ ತಪ್ಪಿಸಿಕೊಂಡು ಓಡಾಡುತ್ತಾನೆ. ನಾನು ಹಾಗೆ ಓಡಾಡಿದ್ದೇನೆ. ಆದ್ದರಿಂದ ಉತ್ತರಕ್ಕೆ ಗಡುವು ವಿಧಿಸುವಾಗ ಅದು ಮೊದಲು ವಿಭಾಗದ ಮುಖ್ಯಸ್ಥರಿಗೆ ಅನ್ವಯಿಸಬೇಕು.

ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಿಗೂ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಿಗೂ ಈ ಮಾತು ಅನ್ವಯಿಸುತ್ತದೆ. ಸಣ್ಣ ಘಟಕಗಳಲ್ಲಿ ಮಾಲೀಕರೇ ದಿನವೂ ಎದುರಿಗಿರುವುದರಿಂದ ಸಮಿತಿ ಬೇಕಿಲ್ಲವೆಂದು ತೋರಬಹುದು. ಆದರೂ ಪೀಸಿನ ದರವನ್ನು ಕೆಲಸ ಹಿಡಿಯುವ ಮುನ್ನ ಹೇಳುವುದು, ಆರ್ಡರ್ ಇಲ್ಲದ ವಾರವನ್ನು ಹಿಂದಿನ ವಾರವೇ ತಿಳಿಸುವುದು ಅಲ್ಲಿ ದುಡಿಯುವ ಮಹಿಳೆಯರ ಮನೆಯ ಲೆಕ್ಕಕ್ಕೆ ಬೇಕೇ ಬೇಕು. ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆಯಲ್ಲೆಲ್ಲ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂಬುದನ್ನೂ ಅವರಿಗೆ ಕನ್ನಡದಲ್ಲಿ ತಿಳಿಸಬೇಕು.

ಕಾರ್ಮಿಕ ಇಲಾಖೆ ಮತ್ತು ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪರಿಶೀಲನೆಗೆ ಬಂದಾಗ ಸಮಿತಿಯ ನಡಾವಳಿ ಪುಸ್ತಕದಲ್ಲಿ ಸಹಿಗಳಿವೆಯೇ ಎಂದು ನೋಡಿ ಹಿಂದಿರುಗಬೇಡಿ. ದೂರಿನ ರಿಜಿಸ್ಟರಿನಿಂದ ಐದು ದೂರುಗಳನ್ನು ಆಯ್ದು, ಆ ಐವರನ್ನು ಮೇಲ್ವಿಚಾರಕರು ಪಕ್ಕದಲ್ಲಿಲ್ಲದಾಗ ಕರೆದು, ಉತ್ತರ ಬಂತೇ, ಯಾವ ದಿನ ಬಂತು, ಅರ್ಥವಾಯಿತೇ ಎಂದು ಅವರ ಭಾಷೆಯಲ್ಲಿ ಕೇಳಿ. ಆ ಐವರಲ್ಲಿ ಮೂವರಾದರೂ ಗುತ್ತಿಗೆ ಕಾರ್ಮಿಕರಾಗಿರಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಳಿ ಮೇಲ್ವಿಚಾರಕ,
ಕೊಪ್ಪಳ