ಮಗಳಿಗೊಂದು ಪತ್ರ: ನಿನ್ನ ಗೆಳತಿಯ ಸರ್‌ನೇಮ್

ಪ್ರೀತಿಯ ಪುಟ್ಟಿ,

ನಿನ್ನ ಮೆಡಿಕಲ್ ಕ್ಲಾಸಿನ ಹುಡುಗಿಯ ಸರ್‌ನೇಮ್ ಜೂಗೆ ಅಂತ ಬರೆದಿದ್ದೀಯ. ವಾಂಗ್, ಲೀ, ಚೆನ್‌ಗಳ ಮಧ್ಯೆ ಅವಳೊಬ್ಬಳದೇ ಎರಡಕ್ಷರದ ಸರ್‌ನೇಮ್, ಕೇಳಿದರೆ ‘ನಾವು ಜೂಗೆ ಲಿಯಾಂಗ್ ವಂಶದವರು’ ಅಂದಳು, ಬುರುಡೆ ಬಿಡ್ತಿದ್ದಾಳಾ ಅಂತ ನಿನ್ನ ಅನುಮಾನ. ಜೂಗೆ ಲಿಯಾಂಗ್ ಅಂದರೆ ಚೀನಾದ ಹಳೇ ಕಾಲದ ಹೆಸರಾಂತ ಮಂತ್ರಿ. ಬುರುಡೆ ಇರಲಾರದು ಕಣೇ. ನೀನಿರುವ ಝೆಜಿಯಾಂಗ್ ಪ್ರಾಂತ್ಯದಲ್ಲೇ ಜೂಗೆಗಳದೇ ಒಂದು ಊರಿದೆ.

ಚೀನಾದಲ್ಲಿ ಹೆಚ್ಚಿನವರದು ಒಂದೇ ಅಕ್ಷರದ ಸರ್‌ನೇಮ್. ವಾಂಗ್ ಅನ್ನುವವರೇ ಸುಮಾರು 10 ಕೋಟಿ ಜನ! ಎರಡಕ್ಷರದವು ಈಗ ಬಹಳ ಕಡಿಮೆ. ಅವುಗಳಲ್ಲಿ ಜಾಸ್ತಿ ಇರುವುದು ಓಯಾಂಗ್. ಜೂಗೆ ಅದಕ್ಕಿಂತ ಎಷ್ಟೋ ಅಪರೂಪ.

ಮೊದಲು ಇದ್ದದ್ದು ಬರೀ ‘ಗೆ’. ಶಾಂಡಾಂಗ್ ಕಡೆ ಜೂ ಅನ್ನುವ ಊರಿನಲ್ಲಿ ಗೆ ಮನೆತನದವರಿದ್ದರು. ಅಲ್ಲಿಂದ ಯಾಂಗ್‌ಡು ಅನ್ನುವ ಊರಿಗೆ ವಲಸೆ ಹೋದರು. ಅಲ್ಲಿ ಆಗಲೇ ಬೇರೆ ಗೆಗಳಿದ್ದರು. ಯಾರು ಯಾವ ಗೆ ಅಂತ ಗೊತ್ತಾಗಬೇಕಲ್ಲ? ಬಂದವರನ್ನು ‘ಜೂ ಊರಿನ ಗೆಗಳು’ ಅಂದರು. ಅದೇ ಜೂಗೆ ಆಯಿತು. ಮೂರನೇ ಶತಮಾನದ ಇತಿಹಾಸಕಾರ ವೇ ಝಾವ್ ಹೀಗೆ ಬರೆದಿದ್ದಾನೆ. ಅವನಿಗಿಂತ ಸ್ವಲ್ಪ ಹಿಂದಿನ ಯಿಂಗ್ ಶಾವ್ ಹೇಳುವುದು ಬೇರೆ. ಗೆ ಯಿಂಗ್ ಎಂಬ ಸೇನಾಪತಿಯನ್ನು ಅವನ ಒಡೆಯನೇ ತಪ್ಪಿಲ್ಲದೆ ಕೊಲ್ಲಿಸಿದ್ದ, ಮುಂದೆ ಹಾನ್ ಚಕ್ರವರ್ತಿ ವೆನ್ ಆ ಸೇನಾಪತಿಯ ಮೊಮ್ಮಗನಿಗೆ ಜೂ ಸೀಮೆಯನ್ನು ಉಂಬಳಿ ಕೊಟ್ಟ, ಹಾಗಾಗಿ ಆ ಹೆಸರು ಬಂತು ಅಂತ. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಉಂಬಳಿ ಕಥೆಯನ್ನು ದೊಡ್ಡ ಮನೆತನದವರು ಇಷ್ಟಪಟ್ಟು ಹೇಳಿಕೊಳ್ಳುತ್ತಾರೆ. ‘ವಲಸೆ ಬಂದವರು’ ಅಂತ ಸುಮ್ನೆ ಯಾರೂ ಹೇಳಿಕೊಳ್ಳುವುದಿಲ್ಲ.

ನಿನ್ನ ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗದಲ್ಲಿ ಏನು ಬರೆಯೋದು ಅಂತ ತಲೆ ಕೆಡಿಸಿಕೊಂಡು ಕೊನೆಗೆ ಅಪ್ಪನ ಊರು ಬರೆದೆವಲ್ಲ? ಈಗ ನಿನ್ನ ಮೇಷ್ಟ್ರು ನಿನ್ನನ್ನು ‘ತಿಪಟೂರು’ ಅಂತ ಕರೆಯುತ್ತಾರೆ. ಅವಳ ಹೆಸರಿನಲ್ಲೂ ಊರೇ ಕೂತಿದೆ.

ಆ ಮನೆತನ ಇಷ್ಟು ಚಿಕ್ಕದಾಗಿ ಉಳಿದದ್ದಕ್ಕೆ ಮೂರನೇ ಶತಮಾನದ ರಾಜಕೀಯವೂ ಒಂದು ಕಾರಣ. ಆಗ ಚೀನಾ ಶು, ವು, ವೇ ಅಂತ ಮೂರು ರಾಜ್ಯಗಳಾಗಿ ಒಡೆದಿತ್ತು. 181ರಲ್ಲಿ ಯಾಂಗ್‌ಡುವಿನಲ್ಲಿ ಹುಟ್ಟಿದ ಜೂಗೆ ಲಿಯಾಂಗ್ ಶು ರಾಜ್ಯದ ಪ್ರಧಾನಮಂತ್ರಿಯಾದ. ಅಣ್ಣ ಜಿನ್ ಎದುರಾಳಿ ವು ರಾಜ್ಯದ ದೊಡ್ಡ ಅಧಿಕಾರಿ. ದಾಯಾದಿ ಡಾನ್ ಮೂರನೇ ರಾಜ್ಯ ವೇಯಲ್ಲಿ ಸೇನಾಪತಿ. ‘ಶು ರಾಜ್ಯಕ್ಕೆ ಡ್ರ್ಯಾಗನ್ ಸಿಕ್ಕಿತು, ವು ರಾಜ್ಯಕ್ಕೆ ಹುಲಿ, ವೇ ರಾಜ್ಯಕ್ಕೆ ನಾಯಿ’ ಅಂತ ಜನ ಆಡಿಕೊಂಡರು. ಎಲ್ಲ ಕಡೆಯೂ ಒಬ್ಬೊಬ್ಬರು ಇದ್ದುದರಿಂದ ಎಲ್ಲ ಕಡೆಯೂ ಸತ್ತರು. 253ರಲ್ಲಿ ವು ಆಸ್ಥಾನದಲ್ಲಿ ಜಿನ್‌ನ ಮಗನನ್ನು ಕೊಂದು ಅವನ ಸಂಸಾರವನ್ನೇ ಮುಗಿಸಿದರು. 258ರಲ್ಲಿ ದಂಗೆಯೆದ್ದ ಡಾನ್‌ನನ್ನು ಕೊಂದರು. 263ರಲ್ಲಿ ಲಿಯಾಂಗ್‌ನ ಮಗ, ಹಿರಿಯ ಮೊಮ್ಮಗ ಇಬ್ಬರೂ ಯುದ್ಧದಲ್ಲಿ ಹೋದರು.

ಹಾಗಿದ್ದೂ ವಂಶ ಉಳಿದ ಬಗೆ ಕೇಳು. ಲಿಯಾಂಗ್‌ಗೆ ಬಹಳ ಕಾಲ ಗಂಡುಮಕ್ಕಳಿರಲಿಲ್ಲ. ಅಣ್ಣನ ಮಗನನ್ನು ದತ್ತು ತಗೊಂಡಿದ್ದ. ಆಮೇಲೆ ಸ್ವಂತ ಮಗ ಹುಟ್ಟಿದ. ಅತ್ತ ಅಣ್ಣನ ಸಂತತಿ ನಾಶವಾದಾಗ, ದತ್ತುಮಗನ ಮಗನನ್ನು ಅಣ್ಣನ ಮನೆತನದ ಹೆಸರಿಗೇ ವಾಪಸ್ ಬಿಟ್ಟುಕೊಟ್ಟರು. ಸಾಲ ತೀರಿಸಿದ ಹಾಗೆ! ಇತ್ತ ಡಾನ್‌ನ ಒಬ್ಬ ಮಗ ವುನಲ್ಲಿ ಒತ್ತೆಯಾಳಾಗಿದ್ದ, ಅದಕ್ಕೇ ಬದುಕಿದ.

ಆ ಒತ್ತೆಯಾಳಿನ ಮಗನೇ ಹುಯಿ. ಮುಂದೆ ಜಿನ್ ರಾಜವಂಶದಲ್ಲಿ (ಇದು ಅಣ್ಣ ಜಿನ್ ಅಲ್ಲ, ಆಮೇಲೆ ಚೀನಾ ಆಳಿದ ವಂಶ) ಮಂತ್ರಿಯಾದ. ಒಂದು ದಿನ ಪ್ರಬಲ ಮಂತ್ರಿ ವಾಂಗ್ ಡಾವ್ ಅವನನ್ನು ಕೆಣಕಿದನಂತೆ: ‘ಜನ ವಾಂಗ್-ಗೆ ಅಂತಾರೆ, ಗೆ-ವಾಂಗ್ ಅನ್ನಲ್ಲ, ಯಾಕೆ?’ ಹುಯಿ ಅಂದ: ‘ಕತ್ತೆ-ಕುದುರೆ ಅಂತಾರೆ, ಕುದುರೆ-ಕತ್ತೆ ಅನ್ನಲ್ಲ. ಹಾಗಂತ ಕತ್ತೆ ಕುದುರೆಗಿಂತ ಮೇಲಾ?’ ನಾವೂ ಕತ್ತೆ-ಕುದುರೆ ಅಂತಲೇ ಅಲ್ವಾ ಹೇಳೋದು! ನಿಮ್ಮ ಕ್ಲಾಸಿನ ವಾಂಗ್‌ಗಳು ಅವಳನ್ನು ರೇಗಿಸಿದರೆ ಈ ಉತ್ತರ ಕೊಡಲಿ.

ಈಗ ಆ ಊರಿನ ವಿಷಯ. ಲಾನ್‌ಶಿ ಹತ್ತಿರದ ಜೂಗೆ ಹಳ್ಳಿ. ಜೂಗೆ ಲಿಯಾಂಗ್ ಸಂತತಿಯವರು ಅಲ್ಲಿರುವಷ್ಟು ಬೇರೆಲ್ಲೂ ಇಲ್ಲ ಅನ್ನುತ್ತಾರೆ. ಹದಿನಾಲ್ಕನೇ ಶತಮಾನದಲ್ಲಿ ಜೂಗೆ ಡಾಶಿ ಎಂಬುವನು ಅಲ್ಲಿ ನೆಲೆ ನಿಂತ. ನಡುವೆ ದುಂಡನೆ ಜಾಗ, ಅರ್ಧ ಕೊಳ, ಅರ್ಧ ಗಟ್ಟಿ ನೆಲ. ಅಲ್ಲಿಂದ ಎಂಟು ಓಣಿಗಳು ಹೊರಡುತ್ತವೆ. ಮಿಂಗ್, ಚಿಂಗ್ ಕಾಲದ ಮನೆಗಳು ಇನ್ನೂ ನಿಂತಿವೆ. 1996ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಸಂರಕ್ಷಿತ ತಾಣ ಅಂತ ಘೋಷಿಸಿತು. ಹೊಟ್ಟೆಪಾಡಿಗೆ ಅವರು ಹಿಡಿದದ್ದು ನಾರು-ಬೇರಿನ ಔಷಧಿ ವ್ಯಾಪಾರ. ‘ಒಳ್ಳೆ ಮಂತ್ರಿಯಾಗದಿದ್ದರೆ ಒಳ್ಳೆ ವೈದ್ಯನಾಗು’ ಅನ್ನುವುದು ಅವರ ಮನೆಮಾತು. ಸುತ್ತಲಿನ ಪಟ್ಟಣಗಳಿಗೆಲ್ಲ ಹೋಗಿ ಅಂಗಡಿ ತೆರೆದರು. ಊರು ಬಿಟ್ಟು ಚದುರಿದ್ದು ಹೆಚ್ಚಾಗಿ ಹೀಗೇ. ಅಪ್ಪನಿಗೆ ಇದನ್ನು ಹೇಳಿದೆ. ‘ಮಂತ್ರಿಗಿಂತ ವೈದ್ಯರದೇ ವಾಸಿ, ಐದು ವರ್ಷಕ್ಕೊಮ್ಮೆ ಓಟು ಕೇಳೋದು ತಪ್ಪುತ್ತೆ’ ಅಂದರು.

ಕೊರಿಯಾದಲ್ಲೂ ಇದೇ ಸರ್‌ನೇಮ್ ಇದೆ. ಅಲ್ಲಿ ಜೆಗಾಲ್ ಅಂತಾರೆ, ಅಲ್ಲೂ ಕೆಲವೇ ಸಾವಿರ ಜನ.

ಅವರ ಪಂಚಾಂಗದ ನಾಲ್ಕನೇ ತಿಂಗಳ 14ರಂದು ಲಿಯಾಂಗ್ ಹುಟ್ಟಿದ ದಿನ. ಆವತ್ತು ಊರವರೆಲ್ಲ ಸೇರಿ ಹಿರಿಯರ ಪೂಜೆ ಮಾಡುತ್ತಾರೆ. ಅವಳು ಕರೆದರೆ ಹೋಗಿ ಬಾ. ಬರಿಗೈಲಿ ಹೋಗಬೇಡ, ನಾನು ಕಳಿಸಿದ ಕೊಬ್ಬರಿ ಮಿಠಾಯಿ ಉಳಿದಿದ್ದರೆ ಅದನ್ನೇ ತಗೊಂಡು ಹೋಗು. ಅವರ ಮನೆಯವರು ಆ ಹಳ್ಳಿಯವರೇನಾ, ಇಲ್ಲ ಔಷಧಿ ಅಂಗಡಿ ಇಟ್ಟು ಬೇರೆ ಕಡೆ ನೆಲೆಸಿದವರಾ ಅಂತ ಕೇಳಿ ಬರೆ. ಅಪ್ಪ ಕಾಯ್ತಿದ್ದಾರೆ.

ನಿನ್ನ
ಅಮ್ಮ